400 ಅಡಿವರೆಗೆ ಸುಮ್ನಿರೋದು

ಆರು ತಿಂಗಳಿಗೊಮ್ಮೆ ನಮಗೆ, ಅಂದರೆ ಪೈಲಟ್‌ಗಳಿಗೆ, ಸಿಮ್ಯುಲೇಟರ್ ಅನ್ನೋ ನಕಲಿ ಕಾಕ್‌ಪಿಟ್‌ನಲ್ಲಿ ಪರೀಕ್ಷೆ. ಟೇಕಾಫ್ ಹೊತ್ತಲ್ಲೇ ಒಂದು ಎಂಜಿನ್ ಕೆಡಿಸೋದು ಖಾಯಂ. ಬಂದೇ ಬರುತ್ತೆ ಅಂತ ಗೊತ್ತಿದ್ದರೂ ಅಂಗೈ ಬೆವರುತ್ತೆ.

ಆವತ್ತು ಎರಡು ಎಂಜಿನ್‌ನ ಎ320 ವಿಮಾನ, ಬೆಂಗಳೂರು, ತುಂಬು ತೂಕ, ಮಧ್ಯಾಹ್ನದ ಬಿಸಿಲು. ನಮ್ಮ ರನ್‌ವೇ ಇರೋದೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ, ಗಾಳಿ ತೆಳು, ಒಂದೇ ಎಂಜಿನ್‌ನಲ್ಲಿ ಏರುವುದು ಕಬ್ಬು ತುಂಬಿದ ಗಾಡಿ ಘಾಟಿ ಹತ್ತಿದ ಹಾಗೆ. ಹಾರಿಸುತ್ತಿದ್ದವನು ನಾನು, ಎಂಜಿನ್ ಶಕ್ತಿ ಏರಿಸಿ ಇಳಿಸೋ ಥ್ರಸ್ಟ್ ಲಿವರ್‌ಗಳ (ಎಂಜಿನ್‌ಗೊಂದು) ಮೇಲೆ ಕ್ಯಾಪ್ಟನ್ ಕೈ. ವಿ ಒನ್ ಅನ್ನೋ ವೇಗದವರೆಗೆ ಮಾತ್ರ ಅವರು ನಿಲ್ಲಿಸಬಹುದು. ಆಮೇಲೆ ನಿಲ್ಲಿಸಲು ಹೋದರೆ ರನ್‌ವೇ ಸಾಲದೇ ಹೋಗಬಹುದು, ಹಾಗಾಗಿ ಏನೇ ಆದರೂ ಹಾರಲೇಬೇಕು. 'ವಿ ಒನ್' ಅಂದ ಕೂಡಲೇ ಅವರು ಲಿವರ್‌ನಿಂದ ಕೈ ತೆಗೆಯುವುದು ಇದಕ್ಕೇ. ಕೈ ಅಲ್ಲೇ ಇದ್ದರೆ ಎಳೆಯೋಣ ಅನ್ನಿಸುತ್ತೆ, ಅಲ್ವಾ?

ಕೈ ತೆಗೆದರು. ಧಡ್! ಮೂತಿ ಬಲಕ್ಕೆ ಎಳೆಯಿತು. ಎಡ ಪೆಡಲ್ ಒತ್ತಿ ರನ್‌ವೇ ನಡುಗೆರೆ ಹಿಡಿದೆ, ಎಂದಿಗಿಂತ ನಿಧಾನವಾಗಿ ಮೂತಿ ಎತ್ತಿ 12.5 ಡಿಗ್ರಿಗೆ ನಿಲ್ಲಿಸಿದೆ, 'ಗೇರ್ ಅಪ್' ಅಂದು ಚಕ್ರ ಒಳಗೆಳೆದದ್ದೂ ಆಯಿತು. ನಿಯಮದ ಪ್ರಕಾರ ಇನ್ನು 400 ಅಡಿ ಏರುವವರೆಗೆ ನೇರ ಹಾರಿಸುವುದೊಂದೇ ಕೆಲಸ. ಕೆಟ್ಟ ಎಂಜಿನ್ ಮುಟ್ಟುವ ಹಾಗಿಲ್ಲ.

ನಾನು ತಡೆಯಲಿಲ್ಲ. 150 ಅಡಿಯಲ್ಲೇ 'ಇಕ್ಯಾಮ್ ಆಕ್ಷನ್ಸ್' ಅಂದುಬಿಟ್ಟೆ, ಅಂದರೆ ಏನು ಕೆಟ್ಟಿದೆ, ಏನು ಮಾಡಬೇಕು ಅಂತ ಸ್ಕ್ರೀನ್ ತೋರಿಸೋ ಪಟ್ಟಿ ಶುರು ಮಾಡಿ ಅಂತ. ನನ್ನ ಗಡಿಬಿಡಿ ಪಕ್ಕದವರಿಗೂ ಅಂಟಿತು. ಅವರು ಒಂದು ಲಿವರ್ ಹಿಡಿದು ಕೆಟ್ಟ ಎಂಜಿನ್‌ನದು ಇದೇನಾ ಅಂತ ಕೇಳಿದರು, ನಾನು ನೋಡದೇ 'ಕನ್ಫರ್ಮ್' ಅಂದೆ. ಸಿಮ್ಯುಲೇಟರ್ ಹಾಗೇ ನಿಂತಿತು.

ಹಿಂದೆ ಕೂತಿದ್ದ ಇನ್‌ಸ್ಟ್ರಕ್ಟರ್ ಧಾರವಾಡದವರು. "ಯಾವ ಕಾಲು ಒತ್ತೀದಿ?"

"ಎಡಗಾಲು, ಸರ್."

"ಹಂಗಾರ ಸತ್ತದ್ದು ಯಾವ ಎಂಜಿನ್ನು?"

ಬಲದ್ದು. ಕ್ಯಾಪ್ಟನ್ ಕೈಯಲ್ಲಿದ್ದದ್ದು ಎಡ ಲಿವರ್.

"ಏನ್ ಅವಸರ? ರೈಲು ಹೊಂಟದೇನು?"

ಪೆಡಲ್ ಒತ್ತದೆ ಬಿಟ್ಟ ಕಾಲಿನ ಕಡೆಯದೇ ಸತ್ತ ಎಂಜಿನ್, ಟ್ರೈನಿಂಗ್‌ನ ಮೊದಲ ಪಾಠ ಇದು, ಓದಿ ಉರು ಹೊಡೆದಿದ್ದೆ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಒಂದು ಎಟಿಆರ್ ವಿಮಾನ ಟೇಕಾಫ್ ಆದ ಸ್ವಲ್ಪದರಲ್ಲೇ ಬಲ ಎಂಜಿನ್‌ನ ಶಕ್ತಿ ಕಳೆದುಕೊಂಡಾಗ, ಪೈಲಟ್‌ಗಳು ಚೆನ್ನಾಗಿದ್ದ ಎಡದ್ದನ್ನು ಆಫ್ ಮಾಡಿಬಿಟ್ಟರು. ನದಿಗೆ ಬಿತ್ತು, 58 ಜನರಲ್ಲಿ 43 ಜನ ಹೋದರು. ಓದಿದಾಗ 'ಇಷ್ಟೂ ಗೊತ್ತಾಗಲ್ವಾ' ಅಂದುಕೊಂಡಿದ್ದೆ.

ಮತ್ತೆ ಶುರು ಮಾಡಿದೆವು. ಈ ಸಲ ಸ್ಕ್ರೀನ್‌ನ ನೀಲಿ ಗುರುತು ನಡುವಿಗೆ ಬರುವಷ್ಟೇ ಪೆಡಲ್ ಒತ್ತಿ ಹಿಡಿದೆ, ಬಾಯಿ ಮುಚ್ಚಿಕೊಂಡು ಎತ್ತರ ನೋಡುತ್ತಾ ಕೂತೆ. 400 ದಾಟಿದ ಮೇಲೆ ಇಕ್ಯಾಮ್ ಕೇಳಿದೆ. ಕ್ಯಾಪ್ಟನ್ ಲಿವರ್ ಮೇಲೆ ಬೆರಳಿಟ್ಟು 'ನಂಬರ್ ಟೂ?' ಅಂದರು, ಅಂದರೆ ಬಲದ್ದು. ತಲೆ ತಿರುಗಿಸಿ, ಅವರ ಬೆರಳು ನೋಡಿ, ನನ್ನ ಎಡ ಮೊಣಕಾಲು ನೋಡಿ, ಆಮೇಲೆ 'ಕನ್ಫರ್ಮ್' ಅಂದೆ.

ಪಾಸಾಯಿತು. ಮನೆಗೆ ಹೋಗುವಾಗ ಸಾದಹಳ್ಳಿ ಟೋಲ್ ಕ್ಯೂನಲ್ಲಿ ಕ್ಲಚ್ ಮೇಲಿದ್ದ ಎಡಗಾಲು ಇನ್ನೂ ನಡುಗುತ್ತಿತ್ತು.