ಅಡುಗೆಮನೆ ಫ್ಯಾನ್ ಹಾಕಿ, ಆಮೇಲೆ ಗ್ಯಾಸ್ ಫೈರ್ ಟೆಸ್ಟ್ ಮಾಡಿಸಿ

ಬ್ರಿಟನ್ನಿನಲ್ಲಿ ಹಳೇ ಟೆರೇಸ್ ಮನೆ (ಒಂದಕ್ಕೊಂದು ಅಂಟಿಕೊಂಡ ಸಾಲುಮನೆ) ಬಾಡಿಗೆಗೆ ಹಿಡಿದರೆ ಲಿವಿಂಗ್ ರೂಮಿನಲ್ಲಿ ಕೋಣೆ ಬೆಚ್ಚಗಾಗಿಸುವ ಗ್ಯಾಸ್ ಫೈರ್ ಇದ್ದರೂ ಇರಬಹುದು. ಮೊದಲು ಕಲ್ಲಿದ್ದಲು ಉರಿಸುತ್ತಿದ್ದ ಗೂಡಿನಲ್ಲೇ ಈಗ ಗ್ಯಾಸ್ ಉರಿಯುತ್ತದೆ, ಹೊಗೆ ಹೋಗುವುದು ಅದೇ ಚಿಮಣಿಯಲ್ಲಿ. ಕೆಲವು ಮನೆಗಳಲ್ಲಿ ಗೋಡೆಗೆ ಒಂದು ಜಾಲರಿ ಕಿಂಡಿಯೂ ಇರುತ್ತದೆ. ಜನವರಿಯಲ್ಲಿ ಅದರಿಂದ ಸುಯ್ ಅಂತ ಗಾಳಿ ಬರುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಅದಕ್ಕೆ ಹಳೇ ಪಂಚೆ ತುರುಕಿದ್ದೆ.

ಗ್ಯಾಸ್ ಸರಿಯಾಗಿ ಉರಿಯಲು ಗಾಳಿ ಬೇಕು. ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲಿ ಬಚ್ಚಲ ಬಾಗಿಲು ಕಿಟಕಿ ಮುಚ್ಚಿ, ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಸತ್ತ ಸುದ್ದಿ ಓದಿದ್ದೀರಿ ಅಲ್ವಾ? ಅದೇ ವಿಷ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 1998ರ ನಿಯಮದ ಪ್ರಕಾರ ಮಾಲೀಕರು ತಾವು ಕೊಟ್ಟ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಚೆಕ್ ಮಾಡಿಸಲೇಬೇಕು. ಖರ್ಚು ಅವರದೇ. ಚೆಕ್ ಆದ 28 ದಿನದೊಳಗೆ ನಿಮಗೆ ಅದರ ವರದಿಯ ಪ್ರತಿ ಕೊಡಬೇಕು. ಹೊಸ ಬಾಡಿಗೆದಾರರಿಗೆ ಮನೆಗೆ ಬರುವ ಮುಂಚೆಯೇ ಕೊಡಬೇಕು. ಈ ಕಾಗದಕ್ಕೆ ಈಗಲೂ ಜನ ಸಿಪಿ12 ಅಂತಾರೆ. ಸ್ವಂತ ಮನೆಯಾದರೆ ಕೇಳುವವರಿಲ್ಲ, ನೀವೇ ಕರೆಸಬೇಕು.

ಚೆಕ್ ಮಾಡಲು ಬರುವವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅಧಿಕೃತರಾದವರ ಪಟ್ಟಿಯಲ್ಲಿ, ಇರಬೇಕು. 2009ರ ಏಪ್ರಿಲ್‌ವರೆಗೆ ಇದ್ದದ್ದು ಕಾರ್ಗಿ. ಹಳಬರ ಬಾಯಲ್ಲಿ ಇನ್ನೂ ಅದೇ ಹೆಸರು. ಅವರ ಕಾರ್ಡ್ ತಿರುಗಿಸಿ ಹಿಂಬದಿ ನೋಡಿ. ಯಾವ್ಯಾವ ಕೆಲಸಕ್ಕೆ ಅರ್ಹತೆ ಅಂತ ಅಲ್ಲಿರುತ್ತದೆ. ಬಾಯ್ಲರ್ ಬಲ್ಲವರಿಗೆಲ್ಲ ಗ್ಯಾಸ್ ಫೈರ್ ಮುಟ್ಟುವ ಅರ್ಹತೆ ಇರುವುದಿಲ್ಲ. ಕಾರ್ಡ್ ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಮನೆಗೆ ಬಂದವರು ಮೊದಲು ಫೈರನ್ನೇ ಗೂಡಿನಿಂದ ಹೊರಗೆಳೆದರು. ಹಿಂದೆ ಉದುರಿದ ಗಾರೆ, ಹಕ್ಕಿ ಗೂಡಿನ ಕಡ್ಡಿಗಳು. ಅದೆಲ್ಲ ಬಳಿದು ಹಾಕಿ, ಹೊಗೆ ಬಿಡುವ ಗುಳಿಗೆ ಹಚ್ಚಿ ಚಿಮಣಿ ಎಳೆಯುತ್ತದಾ ನೋಡಿದರು. ಫೈರನ್ನು ಮತ್ತೆ ಕೂರಿಸಿ, ಕಿಟಕಿ ಬಾಗಿಲು ಮುಚ್ಚಿ, ಕೆಲವು ನಿಮಿಷ ಉರಿಸಿದರು. ಆಮೇಲೆ ಫೈರಿನ ಮೇಲಂಚಿನ ಕೆಳಗೆ ಹೊಗೆಕಡ್ಡಿ ಹಿಡಿದರು. ಹೊಗೆ ಒಳಗೆ ಹೋಗಬೇಕು. ಹೋಯಿತು.

"ಕಿಚನ್ ಎಕ್ಸಾಸ್ಟ್ ಫ್ಯಾನ್ ಫುಲ್ ಸ್ಪೀಡಿಗೆ ಹಾಕಿ, ನಡುವಿನ ಬಾಗಿಲು ತೆಗೀರಿ" ಅಂದರು. ಹಾಕಿದೆ. ಕಡ್ಡಿಯ ಹೊಗೆ ಒಂದು ಕ್ಷಣ ತಡೆದು, ತಿರುಗಿ ನಮ್ಮ ಕಡೆಗೇ ಬಂತು. ಅವರು ಕಿಂಡಿಯಿಂದ ಪಂಚೆ ಎಳೆದರು. ಮತ್ತೆ ಕಡ್ಡಿ ಹಿಡಿದಾಗ ಹೊಗೆ ತಣ್ಣಗೆ ಒಳಗೆ ಹೋಯಿತು. ದಿನಾ ಒಗ್ಗರಣೆ ಘಾಟಿಗೆ ನಾವು ಹಾಕುತ್ತಿದ್ದದ್ದು ಇದೇ ಫ್ಯಾನು! ಹೊರಗಿನ ಗಾಳಿಗೆ ದಾರಿ ಇಲ್ಲದಾಗ ಅದು ಚಿಮಣಿಯ ಹೊಗೆಯನ್ನೇ ಮನೆಯೊಳಗೆ ಎಳೆಯುತ್ತದೆ. ಯಾರಾದರೂ ಈ ಪರೀಕ್ಷೆ ಬಿಟ್ಟರೆ ನೀವೇ ನೆನಪಿಸಿ.

ಎಲ್ಲ ಫೈರಿಗೂ ಕಿಂಡಿ ಬೇಕು ಅಂತಿಲ್ಲ. ಸಾಮಾನ್ಯ ಚಿಮಣಿ ಫೈರು 7 ಕಿಲೋವಾಟ್‌ವರೆಗೆ ಇದ್ದರೆ ಸಂದಿಗೊಂದಿಯ ಗಾಳಿ ಸಾಕಾಗುತ್ತದೆ ಅನ್ನುವುದು ಇಲ್ಲಿನ ಲೆಕ್ಕ. ನಕಲಿ ಕಲ್ಲಿದ್ದಲಿನ ಮೇಲೆ ಉರಿಯುವ ಅಲಂಕಾರದ ಫೈರಿಗೆ ಸಾಮಾನ್ಯವಾಗಿ 100 ಚದರ ಸೆಂಟಿಮೀಟರ್ ಕಿಂಡಿ ಕೇಳುತ್ತಾರೆ. ಚಿಮಣಿಯೇ ಇಲ್ಲದ ಫೈರಿಗೂ ಕಿಂಡಿ ಬೇಕು. ನಿಮ್ಮದಕ್ಕೆ ಏನು ಬೇಕು ಅಂತ ತಯಾರಕರ ಪುಸ್ತಕದಲ್ಲಿರುತ್ತದೆ.

ಇಂಗ್ಲೆಂಡಿನ ಬಾಡಿಗೆ ಮನೆಯಲ್ಲಿ ಗ್ಯಾಸ್ ಫೈರ್ ಇರುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದು 2022ರ ಅಕ್ಟೋಬರ್ 1ರಿಂದ ಮಾಲೀಕರ ಜವಾಬ್ದಾರಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಹೊರಗೆ ಹೋದರೆ ಕಡಿಮೆ ಅನ್ನಿಸಿದರೆ ಫ್ಲೂ ಅಂತ ಸುಮ್ನೆ ಮಲಗಬೇಡಿ. ಫೈರ್ ಆರಿಸಿ, ಕಿಟಕಿ ತೆಗೆದು, ಎಲ್ಲರೂ ಹೊರಗೆ ಬನ್ನಿ. ಅಲ್ಲಿಂದ ಗ್ಯಾಸ್ ತುರ್ತು ಸಹಾಯದ ನಂಬರ್ 0800 111 999ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ.