ನೆಂಟನ ತಲೆದಿಂಬು ಮನೆಯ ಸೊತ್ತಲ್ಲ: ನನ್ನ ಅನುಭವ

ಪೊಲೀಸರು ವಶಪಡಿಸಿಕೊಂಡಿದ್ದ ನನ್ನ ಕಕ್ಷಿದಾರನ ಹಣ ಬಿಟ್ಟುಕೊಡುವ ಆದೇಶದ ಪ್ರತಿ ಬಂದ ದಿನ ವಕೀಲರ ಕೊಠಡಿಯಲ್ಲಿ ಅದನ್ನು ಮೊದಲು ಕಸಿದುಕೊಂಡು ಓದಿದವರು, "ರಾತ್ರಿ ಉಳಿದ ನೆಂಟನಿಗೆ ಎಲ್ಲಿಯ ಹಕ್ಕಪ್ಪಾ" ಎಂದು ಆರೇಳು ತಿಂಗಳು ನನ್ನನ್ನು ಆಡಿಕೊಂಡ ಹಿರಿಯರೇ. ಎರಡು ಸಲ ಓದಿ, ಚಹಾ ತರಿಸಿದರು.

ಕಕ್ಷಿದಾರ ಜಗಳೂರು ಕಡೆಯ ರೈತ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿ, ಕೊನೆಯ ಬಸ್ ತಪ್ಪಿಸಿಕೊಂಡು ಭಾವಮೈದುನನ ಮನೆಯಲ್ಲಿ ಉಳಿದಿದ್ದ. ನಸುಕಿನ ನಾಲ್ಕೂವರೆಗೆ ಪೊಲೀಸರು ಬಂದದ್ದು ಭಾವಮೈದುನನ ಮಗನನ್ನು ಹುಡುಕಿಕೊಂಡು, ಕಳವು ಪ್ರಕರಣದಲ್ಲಿ. ಹುಡುಗ ಸಿಗಲಿಲ್ಲ. ನಡುಮನೆಯಲ್ಲಿ ಮಲಗಿದ್ದ ರೈತನ ತಲೆಯಡಿಯ ಚೀಲದಲ್ಲಿ ಸುಮಾರು 62,000 ರೂಪಾಯಿ ಮತ್ತು ಒಂದು ಮೊಬೈಲ್ ಸಿಕ್ಕವು. ಮಹಜರಿನಲ್ಲಿ "ಮನೆಯಲ್ಲಿ ದೊರೆತ ಹಣ" ಎಂದು ಬರೆದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿಯನ್ನು ಮನೆಯ ಯಜಮಾನನ ಕೈಗಿತ್ತು ಹೋದರು.

ಮೊದಲ ಅರ್ಜಿಯಲ್ಲಿ ನಾನು ಪಾಂಡಿತ್ಯ ಮೆರೆಯಲು ಹೋಗಿ ಕೆಟ್ಟೆ. ರಾತ್ರಿ ತಂಗಿದ ಅತಿಥಿಗೂ ಖಾಸಗಿತನ ಉಂಟೆಂದು ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ಓಲ್ಸನ್ ಪ್ರಕರಣದಲ್ಲಿ ಹೇಳಿದ್ದನ್ನು ನಾಲ್ಕು ಪುಟ ಬರೆದೆ. ಮೇಲೆ ಖಾಸಗಿತನ ಮೂಲಭೂತ ಹಕ್ಕು ಎಂದ ನಮ್ಮ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪನ್ನೂ ಹೇರಿದೆ. ಸರ್ಕಾರಿ ಅಭಿಯೋಜಕರು ಎದ್ದು 1974ರ ಪೂರಣ್ ಮಲ್ ಪ್ರಕರಣದ ಹೆಸರೊಂದನ್ನೇ ಹೇಳಿ ಕುಳಿತರು: ಶೋಧನೆ ಅಕ್ರಮವಾದರೂ ಸಿಕ್ಕಿದ್ದು ಸಾಕ್ಷ್ಯವೇ. ಹತ್ತು ನಿಮಿಷದಲ್ಲಿ ಅರ್ಜಿ ವಜಾ. ತಪ್ಪು ನನ್ನದೇ. ನನಗೆ ಬೇಕಿದ್ದದ್ದು ರೈತನ ದುಡ್ಡು. ಸಾಕ್ಷ್ಯ ಬಿದ್ದುಹೋಗಬೇಕೆಂದು ಕೇಳಿದವರು ಯಾರು?

ಎರಡನೆಯ ಸಲ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಪೊಲೀಸರು ವಶಪಡಿಸಿಕೊಂಡ ಸೊತ್ತನ್ನು ಹಕ್ಕುಳ್ಳವನಿಗೆ ಬಿಡಿಸಿಕೊಡುವ 503ನೇ ಕಲಂ ಹಿಡಿದೆ. ಜೊತೆಗೆ 103ರ ಆರು ಮತ್ತು ಏಳನೆಯ ಉಪಕಲಂಗಳು, ಅಷ್ಟೇ. ಮನೆಯಲ್ಲಿರುವವನಿಗೆ ಪಟ್ಟಿಯ ಪ್ರತಿ ಕೊಡಬೇಕೆನ್ನುವುದು ಆರು. ಮೈ ಶೋಧಿಸಿದರೆ ಆ ವ್ಯಕ್ತಿಗೇ ಪ್ರತ್ಯೇಕ ಪಟ್ಟಿ ಕೊಡಬೇಕೆನ್ನುವುದು ಏಳು. ನನ್ನ ಕಕ್ಷಿದಾರನ ಕೈಯಲ್ಲಿ ಎರಡೂ ಇರಲಿಲ್ಲ. "ಚೀಲ ಮೈಯಲ್ಲ" ಎಂದು ಅಭಿಯೋಜಕರು 2005ರ ಪವನ್ ಕುಮಾರ್ ತೀರ್ಪು ತೆಗೆದರು. ಒಳ್ಳೆಯದೇ ಆಯಿತು, ಮೈಯಲ್ಲದಿದ್ದರೆ ಚೀಲ ಯಾರದು ಎಂಬ ಪ್ರಶ್ನೆಯಷ್ಟೇ ಉಳಿಯಿತು. ದಲ್ಲಾಲಿಯ ಲೆಕ್ಕದ ಚೀಟಿಯಲ್ಲಿ 29 ಕ್ವಿಂಟಲ್ ಚಿಲ್ಲರೆ ತೂಕವಿತ್ತು, ಹಮಾಲಿ ಕಳೆದು ಉಳಿದ ಮೊತ್ತವಿತ್ತು, ಹಿಂದಿನ ದಿನದ ತಾರೀಖಿತ್ತು.

ಆದರೂ ಚೀಲ ಅವನದೇ ಎಂದು ತೋರಿಸಿದ್ದು ವಿಡಿಯೊ. 105ನೇ ಕಲಮಿನ ಪ್ರಕಾರ ಶೋಧನೆಯ ಚಿತ್ರೀಕರಣ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನಕಲು ಕೈಗೆ ಬರಲು ಮೂರು ತಿಂಗಳು, ನಾಲ್ಕು ಅರ್ಜಿ. ಬಂದದ್ದೂ ಮಬ್ಬು ಮಬ್ಬು. ಅಂಥ ಬೆಳಕಿನಲ್ಲಿ ಏನು ಕಾಣುತ್ತದೆ ಎಂದು ನೋಡಲು ಒಂದು ನಸುಕಿನಲ್ಲಿ ಒಂಬತ್ತು ವ್ಯಾಟ್ ಬಲ್ಬ್ ಹಾಕಿಸಿ, ತಲೆಯಡಿ ಗೊಬ್ಬರದ ಚೀಲವಿಟ್ಟುಕೊಂಡು ನಾನೇ ಮಲಗಿದೆ; ಕಿರಿಯ ವಕೀಲ ಮೊಬೈಲಿನಲ್ಲಿ ಚಿತ್ರಿಸಿದ. ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಬಣ್ಣ ತಿಳಿಯುವುದಿಲ್ಲ, ಆದರೆ ಚೀಲ ಎಳೆದಾಗ ತಲೆ ನೆಲಕ್ಕೆ ಬೀಳುವುದು ಚೆನ್ನಾಗಿ ಕಾಣುತ್ತದೆ. ಪೊಲೀಸರ ವಿಡಿಯೊದಲ್ಲೂ ಇದ್ದದ್ದು ಅದೇ, ಎರಡೇ ಸೆಕೆಂಡು. ಅದನ್ನು ನ್ಯಾಯಾಲಯದ ಕಣ್ಣಿಗೆ ಬೀಳಿಸಲು ತನಿಖಾಧಿಕಾರಿಯ ಆಕ್ಷೇಪಣೆಯ ಯಾವ ಸಾಲನ್ನು ಬಳಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ; ಅಂಥವೇ ಎರಡು ಪ್ರಕರಣ ಇನ್ನೂ ಕೈಯಲ್ಲಿವೆ.

ವಶಪಡಿಸಿಕೊಂಡ ಸೊತ್ತನ್ನು ಠಾಣೆಯಲ್ಲಿ ಕೊಳೆಯಬಿಡದೆ ಬಿಡುವ ಬಗೆ ಹೇಳಿದ ಸುಪ್ರೀಂ ಕೋರ್ಟಿನ ಸುಂದರ್‌ಭಾಯಿ ದೇಸಾಯಿ ತೀರ್ಪಿನ ರೀತಿಯಲ್ಲೇ ನೋಟುಗಳ ಫೋಟೊ ತೆಗೆಸಿ, ಬಾಂಡ್ ಬರೆಸಿಕೊಂಡು ಹಣ ಬಿಟ್ಟರು. ನನ್ನ ಕೈಯಿಂದ ಹೋದದ್ದು 3,500ರ ಹತ್ತಿರ. ಮಾತಾಡಿದ ಶುಲ್ಕ 8,000, ಬಂದದ್ದು 5,000 ಮತ್ತು ಒಂದು ಚೀಲ ಜೋಳ. ಭಾವಮೈದುನ ಊಟ ಮಾಡಿ ಉಳಿದು ಹೋಗು ಎಂದರೂ ರೈತ ಕೇಳದೆ ಮಧ್ಯಾಹ್ನದ ಬಸ್ಸಿಗೇ ಹೊರಟ.

ಮೊಬೈಲ್ ಇನ್ನೂ ಠಾಣೆಯಲ್ಲೇ ಇದೆ. ಪಾಸ್‌ವರ್ಡ್ ಕೇಳುತ್ತಿದ್ದಾರೆ. ತನಿಖೆಯಲ್ಲಿ ಮೊಬೈಲ್ ಪಾಸ್‌ವರ್ಡ್ ಕೇಳುವ ಬಗೆಗಿನ, ನಮ್ಮ ಹೈಕೋರ್ಟಿನ 2021ರ ವೀರೇಂದ್ರ ಖನ್ನಾ ತೀರ್ಪನ್ನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಈ ಸಲ ನಾಲ್ಕು ಪುಟ ಬರೆಯುವುದಿಲ್ಲ.