ಬೆಂಗಳೂರಿಗೆ ಸಂಸಾರ ಸಮೇತ ಬರ್ತಿರೋರಿಗೆ: ಮನೆಗಿಂತ ಮೊದಲು ಶಾಲೆ, ನೀರು ನೋಡಿ

ನಾವು ಹುಬ್ಬಳ್ಳಿಯಿಂದ ಬಂದಾಗ ಆಫೀಸಿನ ಹತ್ತಿರ ಅಂತ ಮನೆ ಹಿಡಿದು ತಪ್ಪು ಮಾಡಿದೆವು. ಮೊದಲು ಮಕ್ಕಳ ಶಾಲೆ ಗೊತ್ತು ಮಾಡಿಕೊಳ್ಳಿ, ಅದರ ಸುತ್ತ ಮನೆ ಹುಡುಕಿ. ದೊಡ್ಡವರು ಮೆಟ್ರೋ ಹಿಡಿದು ಹೋಗಬಹುದು. ಎಲ್‌ಕೆಜಿ ಮಗು ವ್ಯಾನಿನಲ್ಲಿ ಗಂಟೆಗಟ್ಟಲೆ ಕೂತು ನಿದ್ದೆಗಣ್ಣಲ್ಲಿ ಇಳಿಯೋದನ್ನ ನೋಡೋಕಾಗಲ್ಲ. ವೈಟ್‌ಫೀಲ್ಡಲ್ಲಿ ಕೆಲಸ ಅಂದ್ರೆ ಅಲ್ಲೇ ಇರಬೇಕಂತಿಲ್ಲ. 2023ರ ಅಕ್ಟೋಬರ್‌ನಿಂದ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿಂದ ಊರಿನ ಇನ್ನೊಂದು ತುದಿ ಚಲ್ಲಘಟ್ಟದವರೆಗೂ ಇದೆ. ಅದೇ ಮಾರ್ಗದಲ್ಲಿರೋ ವಿಜಯನಗರ, ಅತ್ತಿಗುಪ್ಪೆ ಕಡೆಯೂ ನೋಡಬಹುದು.

ಇನ್ನು ನೀರು. 2024ರ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿ, ಬೆಳಗಿನ ಜಾವ ಐದಕ್ಕೇ ಎದ್ದು ಟ್ಯಾಂಕರ್ ಕಾಯ್ತಿದ್ದೆವು. "ನೀರಿಗೇನೂ ತೊಂದರೆ ಇಲ್ಲ" ಅಂತ ಓನರ್ ಹೇಳಿದ್ರೆ ಸಾಲದು. ಕಾವೇರಿ ನೀರಿನ ಸಂಪರ್ಕದ ಮೀಟರ್ ತೋರಿಸಿ ಅನ್ನಿ. ವಾರದಲ್ಲಿ ಎಷ್ಟು ದಿನ ನೀರು ಬಿಡ್ತಾರೆ ಅಂತ ಪಕ್ಕದ ಮನೆಯವರನ್ನ ಕೇಳಿ. ಅಡುಗೆಮನೆ ನಲ್ಲಿಯ ಬುಡದಲ್ಲಿ ಬಿಳಿ ಉಪ್ಪು ಕಟ್ಟಿದ್ಯಾ ನೋಡಿ. ಕಟ್ಟಿದ್ರೆ ಗಡಸು ನೀರು, ಬಹುಪಾಲು ಬೋರ್‌ವೆಲ್ದೇ.

ಅಪ್ಪ ಅಮ್ಮ ಜೊತೆಗಿದ್ರೆ ಲಿಫ್ಟ್ ಅಥವಾ ಕೆಳಗಿನ ಮನೆ, ನಡೆದು ಹೋಗೋ ದೂರದಲ್ಲಿ ಒಂದು ಪಾರ್ಕು, ಇಷ್ಟು ಬೇಕೇ ಬೇಕು. ಅಡ್ವಾನ್ಸ್ ಕೊಡೋ ಮುಂಚೆ ಒಂದ್ಸಲ ಮಳೆ ಬಂದ ಸಂಜೆ ಆ ರಸ್ತೆಗೆ ಹೋಗಿ ನಿಂತು ನೋಡಿ.